ಸೀಟಿನ ಕೆಳಗಿನ ಕೆಂಪು ವೈರು

ಹೇರೋಹಳ್ಳಿ ಕೆರೆ ಪಕ್ಕದ ರಸ್ತೆಗೆ ಒಂದು ಮಳೆ ಬಿತ್ತೆಂದರೆ ಮುಗಿಯಿತು. ಇಟ್ಟ ಕಾಲು ಮೇಲೆ ಬರುತ್ತದೆ, ಚಪ್ಪಲಿ ಬರುವುದಿಲ್ಲ. ಸೈಟು ಮಾರಿದವರು ಕಲ್ಲು ನೆಟ್ಟು, ಕಲ್ಲಿಗೆ ಸುಣ್ಣ ಬಳಿದು, ಮುಂದಿನ ವರ್ಷ ಟಾರು ಹಾಕಿಸುತ್ತೇವೆ ಎಂದು ಹೇಳಿ ಹೋಗಿದ್ದರು. ಆ ಮುಂದಿನ ವರ್ಷ ಎಂಬತ್ತನಾಲ್ಕರ ಮಳೆಗಾಲ ಮುಗಿಯುತ್ತ ಬಂದರೂ ಬಂದಿರಲಿಲ್ಲ. ರಾಜಾಜಿನಗರದ ಕಾರ್ಖಾನೆಗಳಿಗೆ ಹೋಗುವ ಹೆಂಗಸರು ಸೀರೆ ಎತ್ತಿ ಕಟ್ಟಿ, ಚಪ್ಪಲಿ ಕೈಯಲ್ಲಿ ಹಿಡಿದು, ಆ ಕೆಸರು ದಾಟಿ ಮಾಗಡಿ ರಸ್ತೆಯ ಬಸ್ಸಿಗೆ ಓಡಬೇಕಿತ್ತು. ಐದು ನಿಮಿಷ ತಡವಾದರೆ ಗೇಟಿನವನು ಒಳಗೆ ಬಿಡುತ್ತಿರಲಿಲ್ಲ.

ಈ ಪಾಡು ನೋಡಿಯೇ, ಅಲ್ಲೇ ಮನೆ ಕಟ್ಟಿಕೊಂಡಿದ್ದ ಇಂದ್ರಮ್ಮನ ಗಂಡ ಹನುಮಂತಯ್ಯ ಒಂದು ಜೀಪು ತಂದ. ಮಿಲಿಟರಿಯವರು ಓಡಿಸಿ ಸಾಕಾಗಿ ಹರಾಜಿಗೆ ಬಿಟ್ಟ ಜೀಪು. ಹನ್ನೊಂದು ವರ್ಷ ಫಿಟ್ಟರ್ ಆಗಿದ್ದು, ಕಾರ್ಖಾನೆ ಮುಚ್ಚಿದ ಮೇಲೆ ಮನೆಯಲ್ಲಿ ಕೂತಿದ್ದ ಮನುಷ್ಯ. ಕಬ್ಬಿಣ ಅವನು ಹೇಳಿದಂತೆ ಕೇಳುತ್ತಿತ್ತು. ಎರಡೇ ತಿಂಗಳಲ್ಲಿ ಜೀಪನ್ನು ರಿಪೇರಿ ಮಾಡಿ, ಬೆಳಗಿನ ಪಾಳಿಗೆ ಹೋಗುವ ಎಂಟು ಹತ್ತು ಹೆಂಗಸರನ್ನು ಕೂರಿಸಿಕೊಂಡು ಹೊರಟ. ಅವರಲ್ಲಿ ಅವನ ತಂಗಿ ಚಿಕ್ಕಗಂಗಮ್ಮನೂ ಒಬ್ಬಳು. ಊದುಬತ್ತಿ ಕಾರ್ಖಾನೆಯ ಕೆಲಸ, ಏಳು ತಿಂಗಳ ಬಸುರಿ.

ಈ ಜೀಪಿನ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇದರ ಪೆಟ್ರೋಲ್ ಟ್ಯಾಂಕು ಇದ್ದದ್ದು ಡ್ರೈವರ್ ಸೀಟಿನ ಕೆಳಗೆ. ಓಡಿಸುವವನು ಪೆಟ್ರೋಲಿನ ಮೇಲೆಯೇ ಕೂತಿರುತ್ತಾನೆ.

ಲಿವರು ಹಾಕಿದರೆ ಜೀಪಿನ ನಾಲ್ಕು ಚಕ್ರವೂ ಎಳೆಯುತ್ತಿದ್ದವು. ಕೆರೆಯ ಜೇಡಿಮಣ್ಣು ಅದಕ್ಕೂ ಬಗ್ಗಲಿಲ್ಲ. ನಾಲ್ಕೂ ಚಕ್ರ ನಿಂತಲ್ಲೇ ತಿರುಗಿ ಗುಂಡಿ ತೋಡಿದವು. ಆಗ ಹನುಮಂತಯ್ಯ ಗುಜರಿಯಿಂದ ಒಂದು ಮೋಟಾರು ತಂದು ಜೀಪಿನ ಮೂತಿಗೆ ಕೂರಿಸಿದ. ಅದಕ್ಕೊಂದು ರಾಟೆ, ರಾಟೆಗೆ ಉಕ್ಕಿನ ಹಗ್ಗ. ಹಗ್ಗದ ಕೊಕ್ಕೆಯನ್ನು ರಸ್ತೆ ಬದಿಯ ಹೊಂಗೆ ಮರಕ್ಕೆ ಹಾಕಿ ಸ್ವಿಚ್ಚು ಒತ್ತಿದರೆ ರಾಟೆ ಹಗ್ಗ ಸುತ್ತಿಕೊಂಡು ಜೀಪನ್ನು ಕೆಸರಿನಿಂದ ಎಳೆಯುತ್ತಿತ್ತು. ಕೂತಲ್ಲಿಂದಲೇ ಒತ್ತಲು ಅನುಕೂಲವಾಗಲಿ ಎಂದು ಸ್ವಿಚ್ಚನ್ನು ಡ್ರೈವರ್ ಸೀಟಿನ ಪಕ್ಕ ಇಟ್ಟ. ಬ್ಯಾಟರಿಯಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಮೋಟಾರಿಗೆ, ಮನೆ ಕಟ್ಟಿದಾಗ ಮಿಕ್ಕಿದ್ದ ಕೆಂಪು ವೈರನ್ನೇ ಎಳೆದ. ಸೀಟಿನ ಕೆಳಗಿನ ತಗಡಿಗೆ ತೂತು ಕೊರೆದು, ಟ್ಯಾಂಕಿನ ಪಕ್ಕದಿಂದಲೇ ವೈರನ್ನು ಹಾಯಿಸಿದ.

ಅಂಗಡಿಯವನು ಹೇಳಿದ್ದನೆಂದು ನಡುವೆ ಒಂದು ಫ್ಯೂಸನ್ನೂ ಹಾಕಿದ್ದ. ಆದರೆ ಜೀಪು ಹೂತುಕೊಂಡು ಮೋಟಾರು ತಿಣುಕಿದಾಗಲೆಲ್ಲ ಫ್ಯೂಸು ಟಪ್ಪೆಂದು ಹೋಗುತ್ತಿತ್ತು. ಹೆಂಗಸರು ನಗುತ್ತಿದ್ದರು. ಹನುಮಂತಯ್ಯನ ಕಿವಿ ಕೆಂಪಾಗುತ್ತಿತ್ತು.

ಪಂಕ್ಚರ್ ಅಂಗಡಿಯ ಸೇತುರಾಮ ಅವನ ಗೆಳೆಯ. ಕೇಳಿದರೂ ಹೇಳುತ್ತಾನೆ, ಕೇಳದಿದ್ದರೂ ಹೇಳುತ್ತಾನೆ.

"ಅಯ್ಯೋ ಗುರು, ಅದಕ್ಯಾಕೆ ತಲೆ ಕೆಡಿಸ್ಕೋತೀಯ? ಮನೇಲಿ ಫ್ಯೂಸ್ ಹೋದ್ರೆ ಏನ್ ಮಾಡ್ತೀಯ? ವೈರಿಂದ ನಾಕು ಎಳೆ ತಾಮ್ರ ಕಿತ್ತು ಸುತ್ತಲ್ವಾ? ಇಲ್ಲೂ ಹಂಗೇ ಸುತ್ತು. ಆಮೇಲೆ ಹೆಂಗೆ ಹೋಗುತ್ತೋ ನಾನೂ ನೋಡ್ತೀನಿ."

ಹನುಮಂತಯ್ಯ ನಾಲ್ಕಲ್ಲ, ಆರು ಎಳೆ ಸುತ್ತಿದ. ಫ್ಯೂಸು ಹೋಗುವುದು ನಿಂತೇಹೋಯಿತು.

ಅದಾದ ಮೂರನೇ ದಿನದಿಂದ ಇಂದ್ರಮ್ಮನಿಗೆ ಒಂದು ವಾಸನೆ ಬರತೊಡಗಿತು. ಗಂಡ ಮನೆಗೆ ಬಂದು ಅಂಗಿ ಬಿಚ್ಚಿದರೆ ಅಂಗಿಯಲ್ಲಿ ಪ್ಲಾಸ್ಟಿಕ್ ಸುಟ್ಟ ವಾಸನೆ. ಜೀಪು ಒರೆಸಲು ಹೋದರೆ ಸೀಟಿನ ಹತ್ತಿರ ಅದೇ ವಾಸನೆ, ಅದರ ಜೊತೆಗೆ ಪೆಟ್ರೋಲಿನದೂ. ಅವಳಿಗೆ ವೈರಿನ ವಿಚಾರ ಏನೂ ತಿಳಿಯದು. ಆದರೂ ಗಂಡನಿಗೆ ಹೇಳಿದಳು.

"ರೀ, ಏನೋ ಸುಡ್ತಾ ಇದೆ ಕಣ್ರೀ. ಒಂದ್ಸಲ ಸೀಟು ಎತ್ತಿ ನೋಡಿ."

"ನಿನ್ನ ಒಲೆ ಮೇಲೆ ಸಾರು ಸೀದಿರ್ಬೇಕು, ಅದನ್ನ ನೋಡು ಹೋಗು" ಎಂದು ಅವನು ನಕ್ಕ.

ಅವಳು ಮತ್ತೆ ಕೇಳಲಿಲ್ಲ. ಆದರೆ ಬೆಳಿಗ್ಗೆ ಜೀಪು ಹೊರಟರೆ ಅದು ಕೆರೆ ದಾಟಿದ ಸದ್ದು ಕೇಳುವ ತನಕ ಬಾಗಿಲಲ್ಲೇ ನಿಂತಿರುತ್ತಿದ್ದಳು. ಆಮೇಲೂ ಕೈ ಕೆಲಸಕ್ಕೆ ಏಳುತ್ತಿರಲಿಲ್ಲ.

ಪಕ್ಕದ ವಠಾರದಲ್ಲಿ ರಾಣೆಬೆನ್ನೂರು ಕಡೆಯ ಶಾಂತವ್ವ ಎಂಬಾಕೆ ಬಾಡಿಗೆಗಿದ್ದರು. ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ವೈರು ಪರೀಕ್ಷೆ ಮಾಡುವ ಕೆಲಸ. ದಿನವೂ ಈ ಜೀಪಿನಲ್ಲೇ ಹೋಗುತ್ತಿದ್ದವರು ಎರಡು ದಿನದಿಂದ ಕೆಸರಿನಲ್ಲಿ ನಡೆದು ಹೋಗುತ್ತಿದ್ದರು. ಏನೋ ಮುನಿಸಿರಬೇಕು ಎಂದುಕೊಂಡು ಇಂದ್ರಮ್ಮ ನಲ್ಲಿಯ ಹತ್ತಿರ ಕೇಳಿಯೇಬಿಟ್ಟಳು.

"ಸಿಟ್ಟಲ್ರೀ ಇಂದ್ರಮ್ಮಾರ, ಅಂಜಿಕಿ" ಎಂದರು ಶಾಂತವ್ವ. "ಮೊನ್ನೆ ನಾ ನಿಮ್ಮ ಯಜಮಾನ್ರ ಹಿಂದ ಕುಂತಿದ್ದೆ. ಅವರ ಸೀಟಿನ ತಗಡಿಗೆ ಕೈ ತಾಗ್ತು. ರೊಟ್ಟಿ ಹಂಚಿನಂಗ ಸುಡತಿತ್ತು. ನಾ ದಿನಾ ಎಂಟು ತಾಸು ವೈರಿನ ಜೋಡೀನ ಇರಾಕಿ. ಆ ವಾಸನಿ ನಂಗ ಗೊತ್ತೈತಿ."

ಇಂದ್ರಮ್ಮ ಕೊಡ ಅಲ್ಲೇ ಬಿಟ್ಟು, ಶಾಂತವ್ವನ ಕೈ ಹಿಡಿದು ಮನೆಗೆ ಕರೆದುಕೊಂಡು ಬಂದಳು. ಹನುಮಂತಯ್ಯ ಜಗುಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ.

"ಅಣ್ಣಾರ, ಫ್ಯೂಸಿನ ಜಾಗಾದಾಗ ತಾಮ್ರ ಸುತ್ತೀರಂತ, ಸೇತುರಾಮ ಅಂತಿದ್ದ. ಹೌದೇನ್ರೀ?"

"ಹೌದಮ್ಮ. ಪದೇ ಪದೇ ಹೋಗ್ತಿತ್ತು, ಸುತ್ತಿದೀನಿ. ಈಗ ಹೋಗಲ್ಲ."

"ಅದು ಯಾಕ ಹೋಗತಿತ್ತು ಅಂತ ಕೇಳಬೇಕಿತ್ರೀ. ನಿಮ್ಮ ಮೋಟರಿಗೆ ಬೇಕಾದಷ್ಟು ಕರೆಂಟು ಹೊರೂ ತಾಕತ್ತು ಆ ವೈರಿಗಿಲ್ಲ. ಅದು ಮನಿ ಲೈಟಿನ ವೈರು. ಭಾಳ ಕರೆಂಟು ಹರಿದ್ರ ಅದು ಕಾಯ್ತೈತಿ. ಕಾದ್ರ ಮ್ಯಾಲಿನ ಪ್ಲಾಸ್ಟಿಕ್ ಕರಗತೈತಿ, ಒಳಗಿನ ತಾಮ್ರ ಹೊರಗ ಬರತೈತಿ. ತಗಡಿಗೆ ತಾಗಿದ್ರ ಕಿಡಿ. ಹಂಗಾಗಬಾರದು ಅಂತ ಫ್ಯೂಸು ಮೊದಲು ಸುಟ್ಟು ಕರೆಂಟ್ ನಿಲ್ಲಸತೈತಿ. ನೀವು ಅದನ್ನೇ ಕಿತ್ತೀರಿ. ಈಗ ಸುಡೂದು ಏನು ಉಳೀತು, ನೀವಾ ಹೇಳ್ರಿ."

"ನೋಡೀಮ್ಮಾ" ಎಂದು ಹನುಮಂತಯ್ಯ ಲೋಟ ಕೆಳಗಿಟ್ಟ. "ಕೆರೆ ಹತ್ರ ನಾಕು ಸಲ ಎಳೆದಿದೆ. ಏನಾಯ್ತು? ಏನೂ ಆಗ್ಲಿಲ್ಲ."

"ನಾಕು ಸಲ ಆಗಿಲ್ಲ ಅಂದ್ರ ಐದನೇ ಸಲಾನೂ ಆಗೂದಿಲ್ಲ ಅಂತ ಯಾರ್ ಬರಕೊಟ್ಟಾರ?"

ಅವನು ಲೋಟ ಎತ್ತಿಕೊಂಡು ಒಳಗೆ ಹೋದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ. ಶಾಂತವ್ವ ಹೊರಡುವ ಮುಂಚೆ ಇಂದ್ರಮ್ಮನಿಗೆ ಮೆಲ್ಲಗೆ ಹೇಳಿದರು: "ಹೊಗಿ ಕಂಡ್ರ ಮೊದಲು ಮಂದೀನ ಇಳಸ್ರಿ. ಸೀಟು ಎತ್ತಾಕ ಹೋಗಬ್ಯಾಡ್ರಿ, ನೀರು ಹಾಕಬ್ಯಾಡ್ರಿ. ಕೈ ಹಾಕೂವಂಗಿದ್ರ ಬ್ಯಾಟರಿ ವೈರು ಬಿಡಸ್ರಿ. ಉರಿ ಕಂಡ್ರ ಮಾತ್ರ ಹತ್ರ ಹೋಗಬ್ಯಾಡ್ರಿ, ದೂರ ಓಡ್ರಿ."

ಮರುದಿನ ಬೆಳಿಗ್ಗೆ ಜೀಪು ಹೊರಡುವ ಹೊತ್ತಿಗೆ ಇಂದ್ರಮ್ಮ ಮುಂದಿನ ಸೀಟಿಗೆ ಹತ್ತಿ ಕೂತಳು.

"ನೀನೆಲ್ಲಿಗೆ?"

"ನೀವು ಹೋದಲ್ಲಿಗೆ. ನಿಮ್ಮನ್ನ ಕಳಿಸಿ ಬಾಗಿಲಲ್ಲಿ ನಿಂತು ಸಾಯೋದು ನಂಗೆ ಸಾಕಾಗಿದೆ."

ಹನುಮಂತಯ್ಯ ಜೀಪು ಸ್ಟಾರ್ಟ್ ಮಾಡಿದ. ಹಿಂದೆ ಹೆಂಗಸರು ಒತ್ತಿ ಕೂತಿದ್ದರು, ಚಿಕ್ಕಗಂಗಮ್ಮ ಅಣ್ಣನ ಬೆನ್ನ ಹಿಂದೆಯೇ.

ಹಿಂದಿನ ದಿನ ಸಂಜೆ ಜೋರು ಮಳೆಯಾಗಿತ್ತು. ಕೆರೆ ಪಕ್ಕ ಜೀಪು ಅಚ್ಚಿನ ತನಕ ಹೂತಿತು. ಹೆಂಗಸರು ಅಭ್ಯಾಸದಂತೆ ಇಳಿದು ದಡದಲ್ಲಿ ನಿಂತರು. ಚಿಕ್ಕಗಂಗಮ್ಮ ಮಾತ್ರ ಜಾರಿ ಬೀಳುವ ಭಯಕ್ಕೆ ಇಳಿಯಲಿಲ್ಲ. ಎಂದೂ ಇಳಿಯುತ್ತಿರಲಿಲ್ಲ. ಹನುಮಂತಯ್ಯ ಕೊಕ್ಕೆಯನ್ನು ಮರಕ್ಕೆ ಹಾಕಿ ಬಂದು, ಕೂತು, ಸ್ವಿಚ್ಚು ಒತ್ತಿದ.

ಮೋಟಾರು ಗುಂಯ್ ಎಂದಿತು. ಹಗ್ಗ ಬಿಗಿಯಿತು. ಜೀಪು ಅಲುಗಿತು, ಮುಂದೆ ಬರಲಿಲ್ಲ. ಅವನು ಬೆರಳು ತೆಗೆಯದೆ ಒತ್ತಿಯೇ ಇದ್ದ. ಇಂದ್ರಮ್ಮನಿಗೆ ಮೊದಲು ಆ ವಾಸನೆ ಬಂತು. ಆಮೇಲೆ ಅವನ ತೊಡೆಯ ಪಕ್ಕದಿಂದ ತೆಳ್ಳಗೆ ನೀಲಿ ಹೊಗೆ ಎದ್ದದ್ದು ಕಂಡಿತು.

"ರೀ, ಹೊಗೆ! ಆಫ್ ಮಾಡಿ!"

ಅವನು ಬೆರಳು ತೆಗೆದ. ಮೋಟಾರು ನಿಲ್ಲಲಿಲ್ಲ. ಸ್ವಿಚ್ಚನ್ನು ಮೇಲೆ ಕೆಳಗೆ ಆಡಿಸಿದ, ಬಡಿದ. ಒಳಗೆ ಅದು ಕಾದು ಬೆಸೆದುಕೊಂಡುಬಿಟ್ಟಿತ್ತು. ಮೋಟಾರು ಗುಂಯ್ ಎನ್ನುತ್ತಲೇ ಇತ್ತು, ಹೊಗೆ ದಪ್ಪವಾಗುತ್ತಿತ್ತು, ಅದರ ಕೆಳಗೆ ಎಂಟು ಲೀಟರ್ ಪೆಟ್ರೋಲ್. ಹನುಮಂತಯ್ಯ ಎದ್ದು ಸೀಟು ಎತ್ತಲು ಕೈ ಹಾಕಿದ.

"ಎತ್ಬೇಡಿ! ಗಂಗೂನ ಇಳಿಸಿ ಮೊದ್ಲು! ಗಂಗೂನ ಇಳಿಸಿ!"

ಹೆಂಡತಿ ಅಷ್ಟು ಜೋರಾಗಿ ಕೂಗಿದ್ದನ್ನು ಅವನು ಹದಿನಾಲ್ಕು ವರ್ಷದಲ್ಲಿ ಕೇಳಿರಲಿಲ್ಲ. ಹಿಂದಕ್ಕೆ ಓಡಿ ತಂಗಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಕೆಸರಿಗೆ ಇಳಿದ. ಇಂದ್ರಮ್ಮ ಇಳಿದು ಜೀಪಿನ ಮುಂದಕ್ಕೆ ಹೋದಳು. ಉರಿ ಇನ್ನೂ ಎದ್ದಿರಲಿಲ್ಲ. ಬಾನೆಟ್ಟಿನ ಕೊಂಡಿ ಬಿಚ್ಚಿ ಮೇಲಕ್ಕೆತ್ತಿದಳು. ಬ್ಯಾಟರಿಯ ಎರಡು ವೈರಿನಲ್ಲಿ ಒಂದರ ನಟ್ಟನ್ನು ಗಂಡ ದಿನವೂ ಸಂಜೆ ಕೈಯಲ್ಲೇ ತಿರುಗಿಸಿ ಬಿಚ್ಚುವುದನ್ನು ಅವಳು ನೋಡಿದ್ದಳು. ಬ್ಯಾಟರಿಯನ್ನು ಚಾರ್ಜಿಗೆ ಒಯ್ಯಲು ಸುಲಭವಾಗಲಿ ಎಂದು ಅವನು ಅದನ್ನು ಸ್ಪ್ಯಾನರಿನಿಂದ ಬಿಗಿಯುತ್ತಿರಲಿಲ್ಲ. ಸೆರಗನ್ನು ಕೈಗೆ ಸುತ್ತಿ ಆ ನಟ್ಟು ಹಿಡಿದಳು. ಸೆರಗಿನ ಮೇಲಿಂದಲೂ ಅಂಗೈ ಚುರ್ ಎಂದಿತು. ಬಿಡಲಿಲ್ಲ. ಎರಡು ಸುತ್ತು ತಿರುಗಿಸಿ ಜಗ್ಗಿ ಕಿತ್ತಳು.

ಮೋಟಾರು ನಿಂತಿತು.

ಎಲ್ಲರೂ ದೂರದಲ್ಲಿ ಹೊಗೆ ಕಡಿಮೆಯಾಗುವುದನ್ನೇ ನೋಡುತ್ತ ನಿಂತರು. ಯಾರೂ ನಗಲಿಲ್ಲ. ಚಿಕ್ಕಗಂಗಮ್ಮ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಅಳುತ್ತಿದ್ದಳು. ನಡೆದು ಕೆಲಸಕ್ಕೆ ಹೊರಟಿದ್ದ ಶಾಂತವ್ವ ಅಷ್ಟರಲ್ಲಿ ಅಲ್ಲಿಗೆ ಬಂದರು. ಬಿಸಿ ಪೂರ್ತಿ ಆರುವ ತನಕ ಯಾರನ್ನೂ ಹತ್ತಿರ ಬಿಡಲಿಲ್ಲ. ಆಮೇಲೆ ಬ್ಯಾಟರಿಯನ್ನೇ ಕೆಳಗಿಳಿಸಿ, ಸೀಟು ಎತ್ತಿಸಿದರು.

ಕೆಂಪು ವೈರಿನ ಬಣ್ಣ ಕಪ್ಪಾಗಿತ್ತು. ಪ್ಲಾಸ್ಟಿಕ್ ಬೆಲ್ಲದ ಪಾಕದ ಹಾಗೆ ಇಳಿದು ಟ್ಯಾಂಕಿಗೆ ಅಂಟಿತ್ತು. ತಗಡಿನ ತೂತಿನ ಅಂಚು ಉಜ್ಜಿ ಉಜ್ಜಿ ಒಂದು ಗೇಣು ತಾಮ್ರ ಬೆತ್ತಲೆಯಾಗಿ ಹೊಳೆಯುತ್ತಿತ್ತು. ಅಲ್ಲಿಂದ ಟ್ಯಾಂಕಿನ ಮುಚ್ಚಳಕ್ಕೆ ನಾಲ್ಕು ಬೆರಳಿನ ದೂರ ಕೂಡ ಇರಲಿಲ್ಲ.

ಹನುಮಂತಯ್ಯ ಕೆಸರಿನಲ್ಲೇ ಕುಕ್ಕರಿಸಿದ. ಆಮೇಲೆ ತಂಗಿಯ ಕಡೆ ನೋಡಿ, "ಗಂಗೂ, ಇದರ ಮೇಲೆ ನಿನ್ನನ್ನ ದಿನಾ ಕೂರಿಸ್ಕೊಂಡು ಹೋಗ್ತಿದ್ನಲ್ಲೇ" ಎಂದ. ಹೆಂಡತಿಯ ಬೊಬ್ಬೆ ಎದ್ದ ಅಂಗೈ ಹಿಡಿದುಕೊಂಡು, "ನೀನು ಹೇಳ್ದೆ ಕಣೇ. ನಾನು ನಕ್ಕೆ" ಎಂದ. ಅತ್ತದ್ದನ್ನು ಮುಚ್ಚಿಡಲೂ ಇಲ್ಲ.

ಅವತ್ತಿನಿಂದ ಎರಡು ವಾರ ಜೀಪು ಮನೆ ಮುಂದೆ ನಿಂತೇ ಇತ್ತು. ಹೆಂಗಸರು ನಡೆದು ಹೋದರು. ಅವರು ಜಾರದಿರಲಿ ಎಂದು ಹನುಮಂತಯ್ಯ ದಿನವೂ ಬೆಳಿಗ್ಗೆ ಆ ದಾರಿಗೆ ಜಲ್ಲಿ ಸುರಿದು ಹಲಗೆ ಹಾಸಿದ. ಗಾಡಿ ಕರೆಂಟಿನ ಕೆಲಸ ಕಲಿತ ಮೇಸ್ತ್ರಿಯೊಬ್ಬನನ್ನು ಕರೆಸಿದ. ಮೋಟಾರಿಗೆ ತಕ್ಕ ದಪ್ಪ ಕೇಬಲ್ಲು ಬಂತು, ಅದೂ ಜೀಪಿನ ಮುಂಭಾಗದಲ್ಲೇ, ಟ್ಯಾಂಕಿನಿಂದ ದೂರ. ಬ್ಯಾಟರಿಯ ಪಕ್ಕದಲ್ಲೇ ಸರಿಯಾದ ಅಳತೆಯ ಫ್ಯೂಸು. ಸೀಟಿನ ಹತ್ತಿರದ ಸ್ವಿಚ್ಚಿಗೆ ದೊಡ್ಡ ಕರೆಂಟು ಬಾರದಂತೆ ಮುಂದುಗಡೆಯೇ ಒಂದು ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡದನ್ನು ಹಚ್ಚುವ ಸ್ವಿಚ್ಚು. ವೈರು ಉಜ್ಜದಂತೆ ತಗಡಿನ ತೂತಿಗೆ ರಬ್ಬರ್ ಬುಶ್ಶು. ಎಲ್ಲ ಮುಗಿದ ಮೇಲೆ ಹನುಮಂತಯ್ಯ ತಾನೇ ವಠಾರಕ್ಕೆ ಹೋಗಿ, "ಶಾಂತವ್ವ, ಒಂದ್ಸಲ ಬಂದು ನೋಡ್ಬಿಡೀಮ್ಮ. ನೀವು ಹೂಂ ಅನ್ನೋವರೆಗೂ ಯಾರನ್ನೂ ಹತ್ತಿಸಲ್ಲ" ಎಂದ. ಶಾಂತವ್ವ ನೋಡಿದರು, ಒಂದು ಕಡೆ ಇನ್ನೊಂದು ಕ್ಲಿಪ್ಪು ಹಾಕಿಸಿದರು, ಆಮೇಲೆ ಹೂಂ ಎಂದರು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಜೀಪು ಇಲ್ಲದಿರಬಹುದು. ಟ್ರಾಕ್ಟರು ಇದ್ದೀತು, ಟೆಂಪೋ ಇದ್ದೀತು. ಏನಿಲ್ಲದಿದ್ದರೂ ಮೀಟರ್ ಬೋರ್ಡಂತೂ ಇದೆ. ಫ್ಯೂಸು ಮತ್ತೆ ಮತ್ತೆ ಹೋದರೆ ಅದನ್ನು ಬೈಯಬೇಡಿ, ತಾಮ್ರ ಸುತ್ತಿ ಅದರ ಬಾಯಿ ಮುಚ್ಚಿಸಬೇಡಿ. ಅದು ಏನು ಹೇಳುತ್ತಿದೆ ಎಂದು ತಿಳಿದವರನ್ನು ಕರೆಸಿ ಕೇಳಿ. ಮನೆಯ ವೈರು ಮನೆಗೆ, ಗಾಡಿಯ ವೈರು ಗಾಡಿಗೆ. ಮನೆಯಲ್ಲಿ ಯಾರಾದರೂ ಸುಟ್ಟ ವಾಸನೆ ಎಂದರೆ ನಗಬೇಡಿ, ಎದ್ದು ಹೋಗಿ ನೋಡಿ.

ಸಂಕ್ರಾಂತಿಗೆ ಮುಂಚೆ ಚಿಕ್ಕಗಂಗಮ್ಮನಿಗೆ ಹೆಣ್ಣು ಮಗುವಾಯಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಆ ಮಗು ಈ ಭೂಮಿಗೆ ಬಂದದ್ದು, ನಿಜ ಹೇಳಬೇಕೆಂದರೆ, ಒಂದು ನಟ್ಟು ಸಡಿಲವಾಗಿ ಇದ್ದದ್ದರಿಂದ. ನಿಮ್ಮ ಗಾಡಿಯ ನಟ್ಟು ಬಿಗಿಯಾಗಿರಬಹುದು. ಇವತ್ತೇ ಸೀಟು ಎತ್ತಿ ನೋಡಿ.