ಅಜ್ಜ ಕೊಡಲೊಪ್ಪದ ಸ್ಯಾಂಪಲ್

ಮಗು ಹುಟ್ಟುವುದಕ್ಕೆ ಎರಡು ತಿಂಗಳಿರುವಾಗ ಅದರ ಅಪ್ಪ ಸತ್ತ. ಲಿಫ್ಟ್ ಮೆಕ್ಯಾನಿಕ್ ಆಗಿದ್ದವನು ಏಳನೇ ಮಹಡಿಯಿಂದ ಜಾರಿ ಬಿದ್ದ. ಮದುವೆ ನೋಂದಣಿಗೆ ದಿನ ಗೊತ್ತಾಗಿತ್ತು, ನೋಂದಣಿ ಆಗಿರಲಿಲ್ಲ. ಹಾಗಾಗಿ ಜನನ ಪತ್ರದಲ್ಲಿ ಅಪ್ಪನ ಹೆಸರಿನ ಜಾಗ ಖಾಲಿ ಉಳಿಯಿತು.

ಮಗುವಿನ ತಾಯಿ ಬಟ್ಟೆ ಅಂಗಡಿಯೊಂದರಲ್ಲಿ ಆಲ್ಟರೇಶನ್ ಮಾಡುವ ಟೈಲರ್. ಕೂಸನ್ನು ಎತ್ತಿಕೊಂಡು ನೋಂದಣಿ ಕಚೇರಿಗೆ ಮೂರು ಸಲ ಅಲೆದಳು. ಗುಮಾಸ್ತ ಕೆಟ್ಟವನೇನಲ್ಲ.

“ನೀವು ಹೇಳೋದು ನಿಜಾನೇ ಇರಬಹುದಮ್ಮ. ಆದ್ರೆ ನನ್ನ ನಂಬಿಕೆಗೆ ಈ ಫಾರಂನಲ್ಲಿ ಕಾಲಂ ಇಲ್ಲ. ಡಿಎನ್‌ಎ ರಿಪೋರ್ಟ್ ತನ್ನಿ.”

ಅಪ್ಪ ಇಲ್ಲದಿದ್ದರೆ ಅಪ್ಪನ ತಂದೆ ತಾಯಿ ಇಬ್ಬರೂ ಬರಲಿ, ಕೆನ್ನೆಯೊಳಗೆ ಹತ್ತಿಕಡ್ಡಿ ಆಡಿಸಿದರೆ ಸಾಕು ಎಂದರು ಲ್ಯಾಬಿನವರು. ಇದೇನು ಮಹಾ ಅಂದುಕೊಂಡು ಅವಳು ಅತ್ತೆಗೆ ಹೇಳಿದಳು. ಅತ್ತೆ ಮಡಚುತ್ತಿದ್ದ ಬಟ್ಟೆ ಹಾಗೇ ಹಿಡಿದು ನಿಂತರು.

“ನಾನೊಬ್ಬಳು ಕೊಟ್ರೆ ಆಗಲ್ವಾ?”

“ಇಬ್ಬರದೂ ಬೇಕಂತೆ ಅತ್ತೆ.”

ಮರುದಿನ ಮಾವ ಫೋನಿನಲ್ಲಿ ಎರಡೇ ಮಾತು ಆಡಿದರು: “ನಾನು ಕೊಡಲ್ಲ.”

ಬಾಣಂತನದಲ್ಲಿ ದಿನಾ ಬೆಳಿಗ್ಗೆ ಹಾಲು ತಂದಿಟ್ಟು, ಮಗುವಿನ ಲಂಗೋಟಿಯನ್ನೂ ಒಗೆದುಕೊಟ್ಟ ಮನುಷ್ಯ ಈತ. ತಡೆಯಲಾರದೆ ಅಂಗಡಿಗೇ ಹೋದಳು. ಮಾವ ಮೋಟರ್ ವೈಂಡಿಂಗ್ ಮಾಡುವವರು. ವಾರ್ನಿಶ್ ವಾಸನೆಯ ಆ ಸಣ್ಣ ಕೋಣೆಯಲ್ಲಿ ಪಂಪ್ ಒಂದಕ್ಕೆ ತಾಮ್ರದ ತಂತಿ ಸುತ್ತುತ್ತಿದ್ದರು.

“ನನ್ನ ಮೇಲೆ ಅನುಮಾನ ಇದ್ರೆ ಬಾಯಿಬಿಟ್ಟು ಹೇಳಿಬಿಡಿ ಮಾವ.”

ಅವರು ಕೈ ನಿಲ್ಲಿಸಿದರು. “ನಿನ್ನ ಮೇಲಾ? ಅಯ್ಯೋ ಹುಚ್ಚಿ!” ಎದ್ದು ಬಾಗಿಲು ಮುಂದೆ ಮಾಡಿ ಬಂದರು. “ನಾನು ಕೊಟ್ರೆ ಮಗು ನಮ್ಮದಲ್ಲ ಅಂತಲೇ ಬರೋದು.”

ಅವಳಿಗೆ ಅರ್ಥವಾಗಲಿಲ್ಲ.

“ನಿಮ್ಮತ್ತೇನ ನಾನು ಮದುವೆಯಾದಾಗ ನಮ್ಮ ಹುಡುಗ ಹೊಟ್ಟೇಲಿ ಐದು ತಿಂಗಳು. ಅದಕ್ಕೆ ಕಾರಣ ಆದವನು ಊರು ಬಿಟ್ಟಿದ್ದ. ನನಗೆ ಎಲ್ಲಾ ಗೊತ್ತಿತ್ತು. ಇವನಿಗೆ ಮಾತ್ರ ಹೇಳಲಿಲ್ಲ. ಹೇಳೋಣ ಹೇಳೋಣ ಅಂತಲೇ ಮೂವತ್ತು ವರ್ಷ ಕಳೆದುಹೋಯ್ತು. ಈಗ ಅವನು ಹೋದ ಮೇಲೆ, ಅವನು ನನ್ನ ಮಗ ಅಲ್ಲ ಅಂತ ಯಾರೋ ಕಾಗದದಲ್ಲಿ ಬರೆದುಕೊಡೋದು... ನನ್ನ ಕೈಲಿ ಆಗಲ್ಲಮ್ಮ.”

ಅವಳು ಸ್ಟೂಲಿನ ಮೇಲೆ ಕೂತಳು. ಬೈಯಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದ ಮಾತೆಲ್ಲ ಮರೆತೇಹೋಗಿತ್ತು.

“ಇನ್ನು ಕೇಳಲ್ಲ ಬಿಡಿ ಮಾವ,” ಎಂದಳು.

ಲ್ಯಾಬಿಗೆ ಹೋಗಿ, ಅಜ್ಜನ ಸ್ಯಾಂಪಲ್ ಸಿಗುವುದಿಲ್ಲ, ಬೇರೆ ದಾರಿ ಇದೆಯೇ ಎಂದು ಕೇಳಿದಳು. ಅಲ್ಲಿನ ಟೆಕ್ನಿಷಿಯನ್ ಕಾರಣ ಕೆದಕಲಿಲ್ಲ. “ಮಗುವಿನ ತಂದೆಗೆ ಯಾವತ್ತಾದ್ರೂ ಆಪರೇಶನ್ ಆಗಿತ್ತಾ?” ಎಂದಳು. ಆಗಿತ್ತು. ಎರಡು ವರ್ಷದ ಹಿಂದೆ ಕುತ್ತಿಗೆಯ ಗಂಟು ತೆಗೆದಿದ್ದರು. ಹಾಗೆ ತೆಗೆದು ಪರೀಕ್ಷೆಗೆ ಕಳಿಸಿದ್ದನ್ನು ಆಸ್ಪತ್ರೆಯವರು ಮೇಣದಲ್ಲಿ ಇಟ್ಟು ವರ್ಷಗಟ್ಟಲೆ ಕಾಪಾಡುತ್ತಾರಂತೆ. ಅದರಿಂದ ಒಂದು ಚೂರು ಸಿಕ್ಕರೆ ಅಜ್ಜ ಅಜ್ಜಿ ಯಾರೂ ಬೇಕಿಲ್ಲ.

ಅದನ್ನು ಕೊಡಲು ಮನೆಯವರ ಒಪ್ಪಿಗೆ ಬೇಕಿತ್ತು. ಮಾವ ಹಳೇ ಡಿಸ್ಚಾರ್ಜ್ ಚೀಟಿ ಹುಡುಕಿ ತೆಗೆದು ಆಸ್ಪತ್ರೆಗೆ ತಾವೇ ಬಂದರು. ಕೌಂಟರಿನ ಹುಡುಗಿ ಫಾರಂ ಮುಂದಿಟ್ಟು ಬೆರಳು ತೋರಿಸಿದಳು. “ಮೃತರ ತಂದೆ ಅಂತ ಇದೆಯಲ್ಲ, ಅಲ್ಲಿ ಸಹಿ ಮಾಡಿ.” ಮಾವ ಪೆನ್ನು ಹಿಡಿದು ಆ ಸಾಲನ್ನು ಮತ್ತೊಮ್ಮೆ ಓದಿದರು. ಆಮೇಲೆ ಪೂರ್ತಿ ಹೆಸರು ಬರೆದು ಸಹಿ ಹಾಕಿದರು.

ಮೂರು ವಾರಕ್ಕೆ ರಿಪೋರ್ಟ್ ಬಂತು. ಮಗುವಿನ ತಂದೆ ಅವನೇ, ಸಂಶಯಕ್ಕೆ ಎಡೆಯಿಲ್ಲ ಎಂದಿತ್ತು. ಅವಳು ಓದಿ ಹೇಳಿದಾಗ ಅತ್ತೆ ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡರು. “ಇಷ್ಟಕ್ಕೆ ಮೂರು ವಾರ ಬೇಕಿತ್ತಾ? ಅವರಪ್ಪನದೇ ಈ ಮೊರದಂಥ ಕಿವಿ ನೋಡಿದ್ರೆ ನಾನೇ ಬರೆದುಕೊಡ್ತಿದ್ದೆ,” ಎಂದು ನಕ್ಕವರು, ನಗುತ್ತಲೇ ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಜನನ ಪತ್ರ ತಿದ್ದಿಸಿಕೊಂಡು ಕಚೇರಿಯ ಮೆಟ್ಟಿಲಿಳಿಯುವಾಗ ಅವಳು ಮಾವನನ್ನು ಕೇಳಿದಳು. “ಇವಳು ದೊಡ್ಡವಳಾದ ಮೇಲೆ ನಿಮ್ಮ ವಿಷಯ ಹೇಳಲಾ, ಬೇಡವಾ?”

“ಹೇಳು. ಆದ್ರೆ ನನ್ನ ಹಾಗೆ ಮುಂದೂಡಬೇಡ,” ಎಂದು ಅವರು ಮಗುವನ್ನು ಇಸಿದುಕೊಂಡು ಬಸ್ ಸ್ಟಾಪಿನ ಕಡೆ ನಡೆದರು.