ಕಪ್ಪಾಗದ ಪರದೆ

ಆಸ್ಪತ್ರೆಯ ವಿಚಾರಣೆ ಕೌಂಟರು ನೋಡಿಕೊಳ್ಳುತ್ತಿದ್ದವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಬೋರ್ಡಮ್ಮ ಅಂತ. ಥಿಯೇಟರಿನ ಒಳಗೆ ಯಾರ ಆಪರೇಷನ್ ಎಲ್ಲಿಗೆ ಬಂತು ಅಂತ ಹೊರಗಿನ ಬಿಳಿ ಬೋರ್ಡಿನ ಮೇಲೆ ಬರೆದು, ಅಳಿಸಿ, ಅವಳ ಬೆರಳ ತುದಿ ಸದಾ ನೀಲಿ. ಆ ಬೋರ್ಡು ಹೋಗಿ ಡಿಜಿಟಲ್ ಪರದೆ ಬರುತ್ತದೆ ಅಂದಾಗ, ಯಾವ ಕಂಪನಿಯದ್ದು ತರಬೇಕು ಅನ್ನುವ ತಲೆನೋವನ್ನು ದೊಡ್ಡವರೆಲ್ಲ ಸೇರಿ ಅವಳ ತಲೆಗೇ ಕಟ್ಟಿದರು.

ಸೋಸಿ ಸೋಸಿ ಕೊನೆಗೆ ಉಳಿದದ್ದು ಎರಡು. ನೆಟ್‌ವರ್ಕ್ ಕೈಕೊಟ್ಟರೆ ಮೊದಲನೆಯದು ಕಪ್ಪಾಗಿ, ‘ಮಾಹಿತಿ ಸಿಗುತ್ತಿಲ್ಲ, ಕೌಂಟರಿನಲ್ಲಿ ಕೇಳಿ’ ಅನ್ನುತ್ತಿತ್ತು. ಎರಡನೆಯದು ಮಹಾ ಜಾಣ. ಕೊನೆಗೆ ಬಂದ ಮಾಹಿತಿಯನ್ನೇ ಹಿಡಿದುಕೊಂಡು, ಏನೂ ಆಗೇ ಇಲ್ಲ ಅನ್ನುವ ಹಾಗೆ ಬೆಳಗುತ್ತಿತ್ತು.

ಮೊದಲನೆಯದನ್ನು ಪರೀಕ್ಷೆಗೆ ಹಾಕಿದ ವಾರ, ಅದು ಕಪ್ಪಾದಾಗಲೆಲ್ಲ ಜನ ಬಂದು ಕೌಂಟರಿಗೆ ಮುತ್ತಿದರು. ಕೌಂಟರಿನ ಹುಡುಗಿಯರು ಅಳುವುದೊಂದು ಬಾಕಿ. ಎರಡನೆಯದನ್ನು ಹಾಕಿದ ವಾರ, ಅಬ್ಬಾ, ಏನು ನೆಮ್ಮದಿ! ಕಾಫಿಯನ್ನು ಬಿಸಿಯಿರುವಾಗಲೇ ಕುಡಿಯುವ ಭಾಗ್ಯ ಬಂತು.

ಪರದೆ ಕೂರಿಸಲು ಬಂದ ಟೆಕ್ನಿಷಿಯನ್ ಮಾತ್ರ ತಲೆ ಕೆರೆದುಕೊಂಡ. “ಮೇಡಂ, ಈ ಮಾಹಿತಿ ಎಷ್ಟು ಗಂಟೇದು ಅಂತಾದ್ರೂ ಮೂಲೇಲಿ ತೋರಿಸೋಣ.”

“ತೋರಿಸಿದ್ರೆ ಅದನ್ನೂ ಬಂದು ಕೇಳ್ತಾರಪ್ಪಾ. ತಲೆ ತಿನ್ನೋರು ಈಗ ಕಮ್ಮಿಯಾಗಿದ್ದಾರೆ, ಹಾಗೇ ಇರಲಿ ಬಿಡು.”

ಅವಳನ್ನು ಬೈಯುವುದು ಸುಲಭ. ಆ ಕೌಂಟರಿನಲ್ಲಿ ಒಂದು ದಿನ ಕೂತು ನೋಡಿ, ಆಮೇಲೆ ಬೈಯಿರಿ. ಅಂತೂ ಎರಡನೆಯದೇ ಬಂತು. ನರ್ಸು ಥಿಯೇಟರಿನ ಬಾಗಿಲಿಗೆ ಬಂದು ಮನೆಯವರನ್ನು ಕೂಗುವ ಪದ್ಧತಿಯೂ ಅಲ್ಲಿಗೆ ನಿಂತಿತು.

ಕೆಲವು ತಿಂಗಳಿಗೆ ಅವಳ ಭಾವನಿಗೇ ಅಲ್ಲಿ ಹೊಟ್ಟೆಯ ಆಪರೇಷನ್ ಆಗಬೇಕಾಯಿತು. ಅಕ್ಕ ಬೆಳಗಿನಿಂದ ನೀರು ಸಹ ಮುಟ್ಟದೆ ಥಿಯೇಟರಿನ ಬಾಗಿಲಲ್ಲೇ ಕೂತಿದ್ದಳು.

“ಅಕ್ಕಾ, ಕ್ಯಾಂಟೀನಿಗೆ ಹೋಗಿ ಹೊಟ್ಟೆಗೆ ಏನಾದ್ರೂ ಹಾಕ್ಕೊ.”

“ಅಷ್ಟರಲ್ಲಿ ಕರೆದುಬಿಟ್ರೆ?”

“ಅಲ್ಲೂ ಒಂದು ಪರದೆ ಇದೆ. ನಾನೇ ಆರಿಸಿದ್ದು ಕಣಕ್ಕಾ. ‘ನಡೆಯುತ್ತಿದೆ’ ಅಂತ ಇರೋವರೆಗೂ ಆರಾಮಾಗಿ ಕೂತಿರು.”

ಅಷ್ಟು ಹೇಳಿ ಬೋರ್ಡಮ್ಮ ಮೇಲಿನ ಮಹಡಿಗೆ, ಮೀಟಿಂಗಿಗೆ ಹೋದಳು.

ಒಳಗೆ ಆಪರೇಷನ್ ಮುಗಿಯಿತು. ಭಾವನಿಗೆ ಎಚ್ಚರವಾಯಿತು. ಹೆಂಡತಿ ಎಲ್ಲಿ ಅಂತ ಕೇಳಿದ. ನರ್ಸು ಪರದೆಯ ಮೇಲೆ ‘ಮನೆಯವರು ಬನ್ನಿ’ ಅಂತ ತೋರಿಸುವ ಗುಂಡಿ ಒತ್ತಿದಳು, ಮತ್ತೆ ಒತ್ತಿದಳು. ಕ್ಯಾಂಟೀನಿನ ಕಡೆ ನೆಟ್‌ವರ್ಕ್ ಸತ್ತಿದ್ದು ಅವಳಿಗೇನು ಗೊತ್ತು? “ಬಂದ್ಲಾ?” ಅಂತ ಅವನು ಇನ್ನೊಮ್ಮೆ ಕೇಳಿದನಂತೆ. ಆಮೇಲೆ ಇದ್ದಕ್ಕಿದ್ದಂತೆ ಉಸಿರಾಟ ಕೆಟ್ಟಿತು. ಡಾಕ್ಟರುಗಳು ಎಷ್ಟು ಬಡಿದಾಡಿದರೂ ನಿಂತ ಎದೆಬಡಿತ ಮರಳಲಿಲ್ಲ.

ಫೋನು ಬಂದಾಗ ಬೋರ್ಡಮ್ಮ ಎದ್ದುಬಿದ್ದು ಕ್ಯಾಂಟೀನಿಗೆ ಓಡಿದಳು. ಅಕ್ಕ ಪರದೆಗೆ ಎದುರಾಗಿ ಕೂತಿದ್ದಳು. ಮುಂದಿದ್ದ ಬ್ರೆಡ್ಡನ್ನು ಮುರಿದೂ ಇರಲಿಲ್ಲ.

“ಬಂದ್ಯಾ? ಇನ್ನೂ ನಡೀತಾನೇ ಇದೆ ನೋಡೇ,” ಅಂದಳು.

ಎಲ್ಲ ಮುಗಿದು ನೆಂಟರೆಲ್ಲ ಹೊರಟ ಮೇಲೆ, ಅಕ್ಕನ ಅಡುಗೆಮನೆಯಲ್ಲಿ ಬೋರ್ಡಮ್ಮ ಎಲ್ಲವನ್ನೂ ಬಾಯಿಬಿಟ್ಟು ಹೇಳಿದಳು. ಎರಡು ಕಂಪನಿಗಳ ವಿಷಯ, ಟೆಕ್ನಿಷಿಯನ್ ಕೇಳಿಕೊಂಡಿದ್ದು, ಭಾವ ಎರಡು ಸಲ ಕೇಳಿದ್ದು. ಹೇಳುತ್ತಾ ಹೇಳುತ್ತಾ ಗೋಡೆಗೊರಗಿ ನೆಲದ ಮೇಲೆ ಕೂತಳು. ಅಕ್ಕ ತೊಳೆಯುತ್ತಿದ್ದ ಪಾತ್ರೆಯನ್ನು ಕೈಬಿಡಲಿಲ್ಲ, ತಿರುಗಿಯೂ ನೋಡಲಿಲ್ಲ.

“ಕಪ್ಪಾಗೋದು ಯಾಕೆ ಬೇಡ ಅಂದೆ?”

“ಜನ ಬಂದು ಬಂದು ಕೇಳ್ತಾರೆ ಅಂತ.”

ಅಕ್ಕ ನಲ್ಲಿ ನಿಲ್ಲಿಸಿದಳು.

“ನಾನೂ ಬಂದು ಕೇಳ್ತಿದ್ದೆ ಕಣೇ.”