ರಬ್ಬರ್ ಹಾಳೆಯ ಮರೆಯಲ್ಲಿ

೨೦೧೫ರ ಮಾರ್ಚ್ ೯, ಸೋಮವಾರ, ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ರೂಟ್ ಕೆನಾಲ್ ತಜ್ಞೆ ತನ್ನ ಅಣ್ಣನ ಹಲ್ಲಿನ ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದಳು. ಎಡಗಡೆಯ ಕೆಳದವಡೆ ಹಲ್ಲು, ಬೇರಿನ ತುದಿಯವರೆಗೂ ನೀಟಾಗಿ ತುಂಬಿತ್ತು. ಡಿಸೆಂಬರಿನಲ್ಲಿ ಅವಳೇ ಮಾಡಿದ ಕೆಲಸ. ಬೆರಳಿಟ್ಟು ತೋರಿಸುವಂಥ ತಪ್ಪು ಒಂದೂ ಇರಲಿಲ್ಲ. ಆದರೂ ಅಣ್ಣ ನೋವೆಂದು ಬಂದು ಕುರ್ಚಿಯಲ್ಲಿ ಒರಗಿದ್ದ.

ಅವನು ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವವನು. ಉಸಿರು ಬಿಡದೆ ಬೆಲೆ ಏರಿಸುವ ನಾಲಿಗೆ ಈಚೆಗೆ ತೊಡರುತ್ತಿದೆಯಂತೆ. ಖಾರ ಸೋಕಿದರೆ ಜೀವ ಹೋದಂತಾಗುತ್ತದೆ, ಕಿವಿಯವರೆಗೂ ಎಳೆಯುತ್ತದೆ ಎಂದ.

ದಂತವೈದ್ಯ ಕಾಲೇಜಿನಲ್ಲಿ ಓದುವಾಗ ಪರೀಕ್ಷೆಗೆ ಅವಳ ಮೊದಲ ರೋಗಿಯೂ ಇವನೇ. ಹಲ್ಲು ಮುಟ್ಟುವ ಮೊದಲು ಗಾಜ್ ಬಟ್ಟೆಯಲ್ಲಿ ನಾಲಿಗೆಯ ತುದಿ ಹಿಡಿದು, ಎರಡೂ ಅಂಚು ನೋಡಿ, ಅಡಿಯಲ್ಲಿ ಬೆರಳಾಡಿಸಬೇಕು. ತಪ್ಪಿದರೆ ಸೊನ್ನೆ ಎನ್ನುತ್ತಿದ್ದರು ಮೇಡಂ. ತಂಗಿ ಪಾಸಾದದ್ದು ತನ್ನ ನಾಲಿಗೆಯಿಂದ ಎಂದು ಅಣ್ಣ ನೆಂಟರ ಮುಂದೆಲ್ಲ ಜಂಬ ಕೊಚ್ಚಿಕೊಂಡಿದ್ದ.

ಐದು ವರ್ಷ ಇಡೀ ಬಾಯಿಯನ್ನು ಓದಿದವಳು ಆಮೇಲಿನ ಮೂರು ವರ್ಷ ಬೇರುಗಳನ್ನಷ್ಟೇ ಓದಿದಳು. ಅಲ್ಲಿ ಕಲಿತ ಮೊದಲ ಪಾಠವೇ ರಬ್ಬರ್ ಹಾಳೆ. ಅದಕ್ಕೊಂದು ತೂತು ಮಾಡಿ, ಕೆಲಸದ ಹಲ್ಲೊಂದನ್ನೇ ಹೊರಗೆ ಬಿಟ್ಟು, ಮಿಕ್ಕ ಬಾಯಿಯನ್ನೆಲ್ಲ ಮುಚ್ಚಬೇಕು. ಈ ಕ್ಲಿನಿಕ್ಕಿಗೆ ಮಂಗಳವಾರ ವಸಡಿನ ತಜ್ಞರು, ಬುಧವಾರ ತಂತಿ ಕಟ್ಟುವವರು, ಗುರುವಾರ ದವಡೆಯ ಸರ್ಜನ್, ಶನಿವಾರ ಮಕ್ಕಳ ಹಲ್ಲಿನವರು ಬರುತ್ತಿದ್ದರು. ಒಬ್ಬೊಬ್ಬರಿಗೂ ಬಾಯಿಯ ಒಂದೊಂದು ಪಾಲು. ಅವಳ ಪಾಲಿನಲ್ಲಿ ನಾಲಿಗೆ ಇರಲಿಲ್ಲ.

ನಾಲಿಗೆ ಉರಿಯುತ್ತದೆಂದು ಅಣ್ಣ ಡಿಸೆಂಬರಿನಲ್ಲೇ ಹೇಳಿದ್ದ. ಮುರಿದ ಹಲ್ಲು ತಾಗುತ್ತಿರಬೇಕು, ಕ್ಯಾಪ್ ಹಾಕಿದರೆ ಹೋಗುತ್ತದೆ ಎಂದು ಸಮಾಧಾನ ಹೇಳಿ ಅವಳು ಹಾಳೆ ಬಿಗಿದಿದ್ದಳು.

ಈಗ ಎಕ್ಸ್-ರೇ ಕೆಳಗಿಟ್ಟು ಗಾಜ್ ತೆಗೆದುಕೊಂಡಳು.

"ನಾಲಿಗೆ ಚಾಚು ಅಣ್ಣಾ."

"ಮತ್ತೆ ಪರೀಕ್ಷೆ ಕಟ್ಟಿದ್ದೀಯೇನೇ, ಈ ವಯಸ್ಸಲ್ಲಿ?"

ನಾಲಿಗೆಯನ್ನು ಬಲಕ್ಕೆ ಎಳೆದಳು. ಎಡ ಅಂಚಿನ ಹಿಂಭಾಗದಲ್ಲಿ ಹುಣ್ಣಿತ್ತು. ಸುತ್ತಲಿನ ಮಾಂಸ ಬೆರಳಿಗೆ ಗಟ್ಟಿಯಾಗಿ ಸಿಕ್ಕಿತು. ಹೀಗಿದ್ದರೆ ಮೊದಲು ಕ್ಯಾನ್ಸರ್ ಅನುಮಾನಿಸಬೇಕೆಂದು ಅವಳು ವಿದ್ಯಾರ್ಥಿಯಾಗಿದ್ದಾಗಲೇ ಬಾಯಿಪಾಠ ಮಾಡಿದ್ದಳು.

ಗಾಜ್ ತೆಗೆದಾಗ ಅಣ್ಣ ಅವಳ ಮುಖವನ್ನೇ ನೋಡುತ್ತಿದ್ದ. ಹರಾಜಿನಲ್ಲಿ ಮುಖ ನೋಡಿಯೇ ಮನಸ್ಸು ತಿಳಿಯುವವನಿಗೆ ಏನನ್ನು ಮುಚ್ಚಿಡುವುದು? ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು, ಅದು ಕೆಟ್ಟ ಹುಣ್ಣೂ ಇರಬಹುದು ಎಂದು ಹೇಳಿಬಿಟ್ಟಳು.

ಅವನು ಕುರ್ಚಿಯಲ್ಲಿ ಎದ್ದು ಕೂತ. "ಆವಾಗ್ಲೂ ಇತ್ತೇನಮ್ಮಾ ಇದು?"

"ಗೊತ್ತಿಲ್ಲ ಅಣ್ಣಾ. ನಾನು ನೋಡ್ಲೇ ಇಲ್ಲ."

"ಉರಿಯತ್ತೆ ಅಂದಿದ್ನಲ್ಲ."

"ಅಂದಿದ್ದೆ."

ಅವನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಇನ್ನು ಕೂಗಲಿಕ್ಕಾಗುತ್ತದೋ ಇಲ್ಲವೋ ಎಂದಷ್ಟೇ ಕೇಳಿದ. ಅದು ಎಷ್ಟು ತೆಗೆಯಬೇಕಾಗುತ್ತದೆ ಅನ್ನುವುದರ ಮೇಲಿದೆ ಎಂದಳು. ಗುರುವಾರದವರೆಗೆ ಕಾಯುವ ಮಾತೇ ಇರಲಿಲ್ಲ. ಅಲ್ಲಿಂದಲೇ ಸರ್ಜನ್‌ಗೆ ಫೋನ್ ಮಾಡಿದಳು. ಈಗಲೇ ಕಳಿಸಿ ಎಂದವರು, ಹುಣ್ಣು ಎಷ್ಟು ದೊಡ್ಡದಿದೆ ಎಂದು ಕೇಳಿದರು.

ಡಿಸೆಂಬರಿನಲ್ಲಿ ಎಷ್ಟಿತ್ತೋ, ಅದನ್ನು ಇನ್ನು ಯಾರೂ ಹೇಳಲಾರರು. ಅವಳು ಗೆರೆ ಹಾಕಿದ ಕಡ್ಡಿಯನ್ನು ಹುಣ್ಣಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹಿಡಿದು ಅಳೆದಳು. ಹದಿನೆಂಟು ಮಿಲಿಮೀಟರ್.